ಬೇಕರಿಯವನ ಹಸಿರು ಮನೆ

ಕೈಲಿರುವ ಕೆಲಸ ಸ್ವಲ್ಪ ಬದಿಗಿಟ್ಟು ಇದನ್ನು ಪೂರ್ತಿ ಕೇಳಿ. ಮನೆ ಕಟ್ಟಿಸಬೇಕು ಅಂದುಕೊಂಡಿರುವವರು ಇನ್ನೂ ಹತ್ತಿರ ಬನ್ನಿ.

ಬೇಕರಿಯವನ ಮನೆ ಬೇಕರಿಯ ಮೇಲೆಯೇ ಇತ್ತು. ಕೆಳಗೆ ಒಲೆ, ನೆತ್ತಿಯ ಮೇಲೆ ಬಿಸಿಲು, ನಡುವೆ ತಾಯಿಯ ಕೋಣೆ. ಸೆಕೆಗೆ ಅವರಿಗೆ ನಿದ್ದೆಯೇ ಇಲ್ಲ. "ನನ್ನನ್ನೂ ಬ್ರೆಡ್ ಅಂದ್ಕೊಂಡಿದ್ದೀಯೇನೋ?" ಎಂದು ಮಗನನ್ನು ಚುಚ್ಚುತ್ತಿದ್ದರು. ಅಮ್ಮ ತಣ್ಣಗಿರಬೇಕೆಂದು ಹಠಕ್ಕೆ ಬಿದ್ದ ಮಗ, ಮನೆಯನ್ನೇ ಕೆಡವಿ 'ಹಸಿರು ಮನೆ' ಕಟ್ಟಿಸಲು ಹೊರಟ. ಸೋಲಾರ್, ಎರಡು ಪದರದ ಗಾಜು, ಹೊರದೇಶದ ಕಲ್ಲು. ಬೆಳಗಾದರೆ ಗೋಡೆ ಒಡೆಯುವವರು ಬರುವವರಿದ್ದರು.

ಹಿಂದಿನ ಸಂಜೆ ನಾದಿನಿ ಬಂದಳು. ಅವಳು ಇಂಜಿನಿಯರು.

"ಭಾವ, ಇಷ್ಟು ಗಟ್ಟಿ ಮನೇನ ಯಾಕೆ ಒಡೀತಿದ್ದೀರ?"

"ಪರಿಸರಕ್ಕೆ ಒಳ್ಳೇದು ಕಣಮ್ಮ. ನೀನೇ ಬೆನ್ನು ತಟ್ಟಬೇಕಿತ್ತು."

"ತಟ್ತೀನಿ ಇರಿ. ನಿನ್ನೆ ಉಳಿದ ಬ್ರೆಡ್ ಏನ್ಮಾಡ್ತೀರ?"

"ರಸ್ಕ್ ಮಾಡ್ತೀನಿ. ಬಿಸಾಕೋಕೆ ನನಗೇನು ತಲೆ ಕೆಟ್ಟಿದ್ಯಾ? ಹಿಟ್ಟು, ಬೆಂಕಿ, ನನ್ನ ಬೆವರು, ಎಲ್ಲಾ ಅದರೊಳಗಿರುತ್ತೆ."

"ಈ ಗೋಡೆಯೊಳಗೂ ಇದೆಯಲ್ಲ. ಇಟ್ಟಿಗೆ ಸುಟ್ಟ ಬೆಂಕಿ, ಸಿಮೆಂಟಿಗೆ ಹಾಕಿದ ಬೆಂಕಿ. ಒಡೆದ್ರೆ ಅಷ್ಟೂ ಕಸ. ಹೊಸದಕ್ಕೆ ಮತ್ತೆ ಕಬ್ಬಿಣ ಕರಗಬೇಕು, ಗಾಜು ಕರಗಬೇಕು, ಕಲ್ಲು ಹಡಗು ಹತ್ತಬೇಕು. ಹೊಸ ಮನೆ ಕರೆಂಟ್ ಉಳಿಸುತ್ತೆ, ಇಲ್ಲ ಅನ್ನಲ್ಲ. ಆದ್ರೆ ಕಟ್ಟೋವಾಗ ಎದ್ದ ಹೊಗೆ ಆ ಉಳಿತಾಯದಲ್ಲಿ ತೀರೋಕೆ ವರ್ಷಗಟ್ಟಲೆ ಬೇಕು. ಮನೆ ಹುಟ್ಟೋದ್ರಿಂದ ಮಣ್ಣಾಗೋ ತನಕ ಲೆಕ್ಕ ಹಾಕ್ಬೇಕು ಭಾವ."

"ಲೆಕ್ಕ ನೀನು ಹಾಕ್ತಿರು. ಅಲ್ಲೀತನಕ ಅಮ್ಮ ಬೇಯ್ತಾ ಇರ್ಬೇಕಾ?"

ನಾದಿನಿ ಅವನ ತಾಯಿಯ ಕೋಣೆಗೆ ಹೋಗಿ, ಮಂಚದ ಹಿಂದಿನ ಗೋಡೆಗೆ ಕೈಯಿಟ್ಟವಳು ತಟ್ಟನೆ ಕೈ ತೆಗೆದಳು. "ಇದರೊಳಗೇನಿದೆ?"

"ಒಲೆಯ ಹೊಗೆಕೊಳವೆ. ಚಳೀಲಿ ಬೆಚ್ಚಗಿರ್ಲಿ ಅಂತ ಅಪ್ಪ ಹಾಕ್ಸಿದ್ರು."

"ಹೊಸ ಮನೇಲಿ ಕೊಳವೆ ಎಲ್ಲಿ ಬರುತ್ತೆ?"

ಬೇಕರಿಯವನು ತಲೆ ಕೆರೆದುಕೊಂಡ. "ಒಲೆ ಇದ್ದಲ್ಲೇ ಇರುತ್ತಲ್ಲ. ಕೊಳವೆಯೂ ಇಲ್ಲೇ ಬರುತ್ತೆ."

ತಾಯಿ ಹಣೆ ಚಚ್ಚಿಕೊಂಡರು. "ಅಷ್ಟೆಲ್ಲ ಕೆಡವಿ, ಕಟ್ಟಿ, ಕೊನೆಗೆ ನನ್ನನ್ನ ಮತ್ತೆ ಇಲ್ಲೇ ಮಲಗಿಸ್ತಿದ್ದೆ, ಅಲ್ವೇನೋ?"

ಬೆಳಿಗ್ಗೆ ಬಂದ ಕೆಲಸಗಾರರು ಆ ಒಂದು ಗೋಡೆಯನ್ನಷ್ಟೇ ಬಿಚ್ಚಿ ಕೊಳವೆಯನ್ನು ಹೊರಗೆ ಹಾಕಿದರು. ಚಾವಣಿಗೆ ಬಿಳಿ ಬಣ್ಣ ಬಿತ್ತು. ಎದುರುಬದುರು ಕಿಟಕಿ ಬಂತು. ಸೋಲಾರ್ ಹಳೆಯ ಮನೆಯ ಮೇಲೆಯೇ ಕೂತಿತು. ಈಗ ತಾಯಿ ಗಡದ್ದಾಗಿ ನಿದ್ದೆ ಮಾಡುತ್ತಾರೆ, ಮಗನಿಗೆ ಅವರ ಗೊರಕೆಯದೇ ಚಿಂತೆ.

ಹೊಸ ಮನೆ ಬೇಡವೇ ಬೇಡ ಅಂತಲ್ಲ. ಹಸಿರು ಅನ್ನುವ ಮುಂಚೆ ವಿಚಾರಿಸಿ: ಸಾಮಾನು ಎಲ್ಲಿಂದ ಬರುತ್ತದೆ? ಮನೆ ಎಷ್ಟು ಕಾಲ ಬಾಳುತ್ತದೆ? ಕೆಡವಿದ ಮೇಲೆ ಎಲ್ಲಿಗೆ ಹೋಗುತ್ತದೆ? ಇರುವುದನ್ನೇ ಸರಿಮಾಡಲು ಆಗುತ್ತದಾ?

ಅವನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?