ಕಾವಿಗೆ ಕೂತ ಚಾರ್ಜರ್

ಧಾರವಾಡದ ಮಾಳಮಡ್ಡಿಯ ಹಲ್ಲಿನ ಡಾಕ್ಟರು ಶ್ರೀರಂಗ ಅವರಿಗೆ ಒಂದು ಹುಚ್ಚು ಇತ್ತು. ಹುಚ್ಚು ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅವರು ಅದನ್ನು ಶೋಧ ಎನ್ನುತ್ತಿದ್ದರು. ಡಾಜ್ ಚಾರ್ಜರ್ ಎಂಬ ಹಳೆಯ ಅಮೆರಿಕದ ಕಾರು, ಎಂಟು ಸಿಲಿಂಡರಿನದು, ಎರಡೇ ಬಾಗಿಲಿನದು, ಈ ಸೀಮೆಯಲ್ಲಿ ಎಲ್ಲೋ ಒಂದು ಕಡೆ ಅಡಗಿದೆ ಎಂದು ಅವರು ನಂಬಿದ್ದರು. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬ ದಿಲ್ಲಿಯಲ್ಲಿ ಯಾವುದೋ ರಾಯಭಾರ ಕಚೇರಿಯ ಹರಾಜಿನಲ್ಲಿ ಅದನ್ನು ಹಿಡಿದು ತಂದಿದ್ದನಂತೆ. ಸಾಲಿ ಹುಡುಗನಾಗಿದ್ದಾಗ ಶ್ರೀರಂಗರು ಅದು ಉಣಕಲ್ ಕೆರೆಯ ಪಕ್ಕದ ರಸ್ತೆಯಲ್ಲಿ ಗುಡುಗುತ್ತ ಹೋದದ್ದನ್ನು ಕಣ್ಣಾರೆ ಕಂಡಿದ್ದರು. ಆಮೇಲೆ ವ್ಯಾಪಾರಿ ಸತ್ತ, ಅಂಗಡಿ ಮುಚ್ಚಿತು, ಕಾರು ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಗುಡುಗು ಮಾತ್ರ ಡಾಕ್ಟರ ಕಿವಿಯಲ್ಲಿ ಉಳಿಯಿತು.

ರವಿವಾರ ಬಂತೆಂದರೆ ಸ್ಕೂಟರ್ ಹೊರಡುತ್ತಿತ್ತು. ಗುಜರಿ ಅಂಗಡಿ, ಹಾಳುಬಿದ್ದ ಹತ್ತಿ ಗಿರಣಿ, ದನದ ಕೊಟ್ಟಿಗೆ, ಬಣವೆಯ ಹಿಂಭಾಗ ಒಂದನ್ನೂ ಬಿಡಲಿಲ್ಲ. ತೊಡಕು ಇದ್ದದ್ದು ಹೆಸರಿನಲ್ಲಿ. "ನಿಮ್ಮಲ್ಲೆ ಹಳೇ ಚಾರ್ಜರ್ ಅದ ಏನ್ರಿ?" ಎಂದು ಕೇಳಿದರೆ ಸಾಕು, ಅಂಗಡಿಯವ ಮೊಬೈಲ್ ಚಾರ್ಜರುಗಳ ಡಬ್ಬಿ ತಂದು ಮುಂದೆ ಸುರಿಯುತ್ತಿದ್ದ. "ಸಣ್ಣ ಪಿನ್ನಿಂದೋ, ದೊಡ್ಡ ಪಿನ್ನಿಂದೋ, ಸಾಹೇಬ್ರ?" ಡಾಕ್ಟರು ಸಂಭಾವಿತರು. ಅಷ್ಟೆಲ್ಲ ಸುರಿಸಿದ ಮೇಲೆ ಬರಿಗೈಯಲ್ಲಿ ಏಳುವುದು ಸರಿಯಲ್ಲವೆಂದು ಒಂದನ್ನು ಕೊಂಡೇ ಬರುತ್ತಿದ್ದರು. ಮನೆಯ ಕಪಾಟಿನ ಒಂದು ಖಾನೆ ಹೀಗೆ ತುಂಬಿ ಹೋಗಿತ್ತು.

ಅವರ ಹೆಂಡತಿ ಸುಲಭಾಬಾಯಿ ಸಂಗೀತ ಕಲಿಸುತ್ತಿದ್ದರು. ಮನೆಯ ಮುಂದಿನ ಪಡಸಾಲೆಯೇ ಅವರ ಕ್ಲಾಸು, ಅದೇ ಡಾಕ್ಟರ ಪೇಶಂಟುಗಳು ಕಾಯುವ ಜಾಗ. ಸಂಜೆ ಹುಡುಗಿಯರು ತಂಬೂರಿ ಹಿಡಿದು ಷಡ್ಜ ಹಚ್ಚುವುದಕ್ಕೂ, ಯಾರೋ ದವಡೆ ಹಿಡಿದುಕೊಂಡು ಬರುವುದಕ್ಕೂ ಸರಿಹೋಗುತ್ತಿತ್ತು. ಡಾಕ್ಟರು ಪರದೆ ಸರಿಸಿ ಚಪ್ಪಾಳೆ ತಟ್ಟುತ್ತಿದ್ದರು. "ಏಳ್ರಿ, ಏಳ್ರಿ! ಪೇಶಂಟ್ ಬಂದಾರ!" ಹುಡುಗಿಯರು ತಂಬೂರಿ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಕುಕ್ಕರಿನ ಸೀಟಿಯ ನಡುವೆ ಉಳಿದ ರಾಗ ಮುಗಿಸುತ್ತಿದ್ದರು. ಇತ್ತ ಕಂಪೌಂಡಿನ ಮೂಲೆಯಲ್ಲಿ ಉದ್ದನೆಯ ಖೋಲಿಯೊಂದು ಕಸ ಹೊಡೆಸಿಕೊಂಡು, ಬಾಗಿಲಿಗೆ ಎಣ್ಣೆ ಹಾಕಿಸಿಕೊಂಡು, ಎಂದೋ ಬರುವ ಕಾರಿಗಾಗಿ ಖಾಲಿ ಬಿದ್ದಿತ್ತು.

ನವರಾತ್ರಿಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಹತ್ತಿರ ಬಂದಿತ್ತು. ಮಹಾಲಯ ಅಮಾವಾಸ್ಯೆಯ ಮುನ್ನಾ ದಿನ ಸುಲಭಾಬಾಯಿಯ ತಾಳ್ಮೆ ಮುಗಿಯಿತು.

"ನೋಡ್ರಿ, ಈ ಖಂಡೇಪೂಜಿ ದಿನ ಆ ಖೋಲ್ಯಾಗ ಪೂಜಾ ಆಗೂದು ಖರೇ. ಕಾರ್ ಬಂದಿದ್ರ ಕಾರಿಗೆ. ಇಲ್ಲಾಂದ್ರ ನನ್ನ ತಂಬೂರಿಗೆ. ಯಾರ ಸಾಮಾನಿಗೆ ಪೂಜಾ ಆಗ್ತದೋ ಖೋಲಿ ಅವರದು. ಆಮ್ಯಾಲೆ ಇನ್ನೊಬ್ಬರು ಅದರ ಹೆಸರು ಎತ್ತಬಾರದು."

"ಆಗ್ಲಿ," ಎಂದರು ಡಾಕ್ಟರು, ಗತ್ತಿನಿಂದ. ಗತ್ತು ಹೊರಗಿನದು. ಆ ಖೋಲಿ ಕೈಬಿಟ್ಟರೆ ಅಷ್ಟುದ್ದದ ಕಾರನ್ನು ನಿಲ್ಲಿಸಲು ಅವರಿಗೆ ಬೇರೆ ಜಾಗವಿರಲಿಲ್ಲ. ಖೋಲಿ ಹೋಯಿತೆಂದರೆ ಶೋಧವೂ ಮುಗಿಯಿತು.

ನವರಾತ್ರಿ ಶುರುವಾದ ಮೇಲೆ ಹಳೇ ಹುಬ್ಬಳ್ಳಿಯ ಗುಜರಿ ವ್ಯಾಪಾರಿ ಅಸದನ ಫೋನು ಬಂತು. ಡಾಕ್ಟರ ಹುಚ್ಚು ಅರ್ಥವಾಗಿದ್ದ ಒಬ್ಬನೇ ಗುಜರಿಯವನೆಂದರೆ ಇವನು.

"ಡಾಕ್ಟರ್ ಸಾಹೇಬ್ರ, ಗರಗದಾಗ ದುರಗವ್ವ ಅಂತ ಒಂದು ಮುದುಕಿ ಐತ್ರಿ. ಅಕಿ ಗಂಡ ಹತ್ತಿ ಸಾವಕಾರನ ಡ್ರೈವರ್ ಇದ್ದನಂತ. ಅಕಿ ಕೊಟ್ಟಿಗ್ಯಾಗ ಒಂದು ಚಾರ್ಜರ್ ಐತಂತ್ರಿ. ಮೊಬೈಲಿಂದಲ್ಲ ಮತ್ತ, ಗಾಲಿದು!"

ಡಾಕ್ಟರು ಒಬ್ಬ ಪೇಶಂಟಿನ ಬಾಯಿ ತೆರೆಸಿದ್ದರು. ಅದನ್ನು ಹಾಗೇ ಅರ್ಧಂಬರ್ಧ ತುಂಬಿ, ನಾಳೆ ಬಾ ಎಂದು ಕಳಿಸಿ, ಗರಗದ ದಾರಿ ಹಿಡಿದರು.

ಕೊಟ್ಟಿಗೆಯಲ್ಲಿ ಹತ್ತಿಕಟ್ಟಿಗೆಯ ಹೊರೆ, ಹರಿದ ಗೋಣಿಚೀಲ, ಮುರಿದ ಕುಂಟೆ. ದುರಗವ್ವ ಒಂದೊಂದಾಗಿ ಸರಿಸಿದಳು. ಧೂಳಿನ ಕೆಳಗೆ ಮೊದಲು ಒಂದು ಬಂಪರ್ ಕಂಡಿತು. ಆಮೇಲೆ ದೀಪಗಳನ್ನು ಜಾಲರಿಯ ಹಿಂದೆ ಮುಚ್ಚಿಟ್ಟುಕೊಂಡ ಆ ಅಗಲ ಮುಖ. ಅದೇ. ಡಾಕ್ಟರ ಕಣ್ಣಲ್ಲಿ ನೀರು ಬಂತು; ಧೂಳು ಎಂದು ಹೇಳಿ ಒರೆಸಿಕೊಂಡರು. ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ಮತ್ತು ಬ್ಯಾಟರಿ ದೀಪ ತೆಗೆದು ಕಾರಿನ ಸಂದಿಗೊಂದಿಯನ್ನೆಲ್ಲ ತಟ್ಟಿ ನೋಡಿದರು. ಕೆಳಗೆ ಅಲ್ಲಲ್ಲಿ ಹುಳುಕು ಹಿಡಿದಿತ್ತು, ಬೇರು ಮಾತ್ರ ಗಟ್ಟಿ ಇತ್ತು.

"ನಮ್ಮ ಮನ್ಯಾರು ಇದಕ್ಕ ಜಳಕಾ ಮಾಡಸ್ತಿದ್ರು," ಎಂದಳು ದುರಗವ್ವ. "ನನಗ ಎಂದೂ ಒಂದು ಚೊಂಬು ನೀರು ಕಾಸಿ ಕೊಟ್ಟವರಲ್ಲ. ಒಯ್ಯಿರಿ. ನೀವು ಇದನ್ನ ನೋಡಿದ ರೀತಿ ನೋಡಿದ್ರ ಅವರs ಬಂದಂಗಾತು."

ಚಹಾ ಮುಗಿಯುವುದರೊಳಗೆ ವ್ಯವಹಾರವೂ ಮುಗಿಯಿತು. ಡಾಕ್ಟರು ಸಂತೋಷದಿಂದ ಎದ್ದು ಕಾರಿನ ಬಾಗಿಲಿಗೆ ಕೈ ಹಾಕಿದರು. ದುರಗವ್ವ ಗಬಕ್ಕನೆ ಆ ಕೈ ಹಿಡಿದಳು.

"ಬ್ಯಾಡ್ರಿ! ಒಳಗ ಅಕಿ ಕುಂತೈತ್ರಿ."

ಡಾಕ್ಟರು ಬೆಚ್ಚಿ ಹಿಂದೆ ಸರಿದರು. ನಮ್ಮ ಕಡೆಯ ಮಾತಿನಲ್ಲಿ ಹೆಣ್ಣುಮಗಳು ಕೂತರೂ ಕುಂತೈತಿ, ಮತ್ತೇನು ಕೂತರೂ ಕುಂತೈತಿ. ಅವರಿಗೆ ಗೊತ್ತಾಗುವುದಾದರೂ ಹೇಗೆ?

"ಯಾರು? ಮಗಳೇನು?"

"ಮಗಳಿದ್ದಂಗs. ದಿನಾ ತುಂಬೂತನಕಾ ಯಾರೂ ಮುಟ್ಟಂಗಿಲ್ಲ."

"ಅಯ್ಯ, ದಿನಾ ತುಂಬೂ ಹೆಣ್ಣುಮಗಳನ್ನ ಇಂಥಾ ಜಾಗಾದಾಗ ಯಾಕ ಕೂಡ್ಸೀರಿ? ದವಾಖಾನಿಗೆ ಕಳಸ್ರಿ! ನಾ ಬೇಕಾದ್ರ ಡಾಕ್ಟರಿಗೆ ಫೋನ್ ಮಾಡ್ತೀನಿ!"

ದುರಗವ್ವ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಇಷ್ಟು ಕಲಿತವರು ಹೀಗೇಕೆ ಮಾತಾಡುತ್ತಾರೆಂದು ಅವಳಿಗೆ ತಿಳಿಯಲಿಲ್ಲ. ಒಡೆದ ಕಿಟಕಿಯಿಂದ ಇಣುಕಲು ಹೇಳಿದಳು. ಹಿಂದಿನ ಸೀಟಿನ ಹರಿದ ಕುಳಿಯಲ್ಲಿ ಕೆಂಪು ಕೋಳಿಯೊಂದು ಮೈ ಅಗಲಿಸಿ ಕೂತು, ಒಂದು ಕಣ್ಣಿನಿಂದ ಡಾಕ್ಟರನ್ನು ದುರುಗುಟ್ಟಿ ನೋಡುತ್ತಿತ್ತು.

"ಅಮಾಸಿ ದಿನಾ ಕಾವಿಗೆ ಕುಂತೈತ್ರಿ. ಸೀಗಿ ಹುಣ್ಣಿವಿ ದಾಟಿ ಮರಿ ಹೊರಗ ಬರ್ತಾವು. ಆಮ್ಯಾಲೆ ಒಯ್ಯಿರಿ. ಈಗ ಎಬ್ಬಿಸಿದ್ರ ತಿರಿಗಿ ಕುಂಡ್ರಂಗಿಲ್ಲ. ತತ್ತಿ ಎಲ್ಲಾ ಸತ್ತು ಹೊಕ್ಕಾವು."

ಖಂಡೇಪೂಜೆ ಬರುವುದು ನವಮಿಗೆ, ಸೀಗಿ ಹುಣ್ಣಿಮೆಗಿಂತ ಮೊದಲು. ಡಾಕ್ಟರು ಅಲ್ಲೇ ಕುಂಟೆಯ ಮೇಲೆ ಕೂತುಬಿಟ್ಟರು. ಇಷ್ಟು ವರ್ಷ ಹುಡುಕಿ, ಕೊನೆಗೆ ತಮಗೂ ಕಾರಿಗೂ ಅಡ್ಡ ಬಂದದ್ದು ಒಂದು ಕೋಳಿ!

ಆ ವಾರವೆಲ್ಲ ಅವರು ಕೋಳಿಯ ಮನಸ್ಸು ಒಲಿಸಲು ಪಟ್ಟ ಪಾಡನ್ನು ಯಾವ ಅಳಿಯನೂ ಅತ್ತೆಯ ಮನೆಯಲ್ಲಿ ಪಟ್ಟಿರಲಿಕ್ಕಿಲ್ಲ. ಜೋಳ ಒಯ್ದರು, ಸಜ್ಜೆ ಒಯ್ದರು. ಒಳ್ಳೆಯ ಬಿದಿರಿನ ಬುಟ್ಟಿಗೆ ಕ್ಲಿನಿಕ್ಕಿನ ಹತ್ತಿ ಹಾಸಿ, ಇದರೊಳಗೆ ಬಾ ತಾಯಿ ಎಂದು ಕೈಮುಗಿದರು. ಕೋಳಿ ಜೋಳ ತಿಂದಿತು, ಸಜ್ಜೆ ತಿಂದಿತು, ಕೈಮುಗಿದಾಗ ಹೆಬ್ಬೆರಳಿಗೆ ಕುಕ್ಕಿತು. ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಅವರು ಹಲ್ಲು ಕೀಳತೊಡಗಿದರು. ಯಾರಾದರೂ ಕೇಳಿದರೆ ಪೇಶಂಟ್ ಕಡಿದ ಎನ್ನುತ್ತಿದ್ದರು.

ಖಂಡೇಪೂಜೆಯ ಹಿಂದಿನ ದಿನ ಮಧ್ಯಾಹ್ನ ದುರಗವ್ವ ಹಬ್ಬಕ್ಕೆಂದು ಮಗಳ ಊರಿಗೆ ಹೊರಟು ನಿಂತಳು.

"ನಾ ನಾಳೆ ಬರ್ತೇನ್ರಿ. ಹೆಂಗೂ ನೀವು ದಿನಾ ಬರ್ತೀರಲ್ಲ, ಅಕಿನ್ನ ಒಂದೀಟು ನೋಡಕೊಳ್ರಿ," ಎಂದು ಕೊಟ್ಟಿಗೆಯ ಕೀಲಿಯನ್ನು ಡಾಕ್ಟರ ಕೈಗಿತ್ತು ಬಸ್ಸು ಹತ್ತಿದಳು.

ಡಾಕ್ಟರು ಬಹಳ ಹೊತ್ತು ಯೋಚಿಸಲಿಲ್ಲ. ಯೋಚಿಸಿದರೆ ಕೆಲಸ ಕೆಡುತ್ತದೆಂದು ಗೊತ್ತಿತ್ತು. ಅಸದನಿಗೆ ಫೋನು ಮಾಡಿದರು. ಕಾರು ಎಳೆಯುವ ಲಾರಿ ತೆಗೆದುಕೊಂಡು ಅವನು ಬಂದು, ಕೊಟ್ಟಿಗೆಯ ಬಾಗಿಲಿಗೆ ಹಿಮ್ಮುಖವಾಗಿ ಹಚ್ಚಿ ಹಗ್ಗ ಬಿಚ್ಚತೊಡಗಿದ. ಕೋಳಿಯನ್ನು ಬುಟ್ಟಿಯ ಕೆಳಗೆ ಹಾಕುವುದು, ಮೊಟ್ಟೆಗಳನ್ನು ಹತ್ತಿಯಲ್ಲಿ ಸುತ್ತಿ ಮೂಲೆಯಲ್ಲಿಡುವುದು, ಮುಂದೆ ಕೂತರೆ ಅದರ ಪುಣ್ಯ, ಬಿಟ್ಟರೆ ಅದರ ಕರ್ಮ: ಇದು ಡಾಕ್ಟರ ಲೆಕ್ಕ. ಮುಂದಿನ ಸೀಟು ಬಾಗಿಸಿ, ಒಳಗೆ ನುಸುಳಿ, ಕುಕ್ಕಿಸಿಕೊಳ್ಳುತ್ತಲೇ ಕೋಳಿಯ ಹೊಟ್ಟೆಯ ಕೆಳಗೆ ಕೈ ಹಾಕಿದರು.

ಹುಟ್ಟಿದಾಗಿನಿಂದ ಅವರು ಮೊಟ್ಟೆ ಮುಟ್ಟಿದವರಲ್ಲ. ಅದು ಇಷ್ಟು ಬೆಚ್ಚಗಿರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಂದನ್ನು ಮೆಲ್ಲಗೆ ಹೊರಗೆ ತೆಗೆದರು. ಕೆಟ್ಟ ಮೊಟ್ಟೆಯಾಗಿದ್ದರೆ ಎಬ್ಬಿಸಿದರೂ ಪಾಪವಿಲ್ಲ ಎಂಬ ವಿಚಾರ ಬಂತು. ಕೆಟ್ಟಿರಲಿ ದೇವರೇ ಎಂದು ಬೇಡಿಕೊಂಡೇ, ಜೇಬಿನ ಬ್ಯಾಟರಿ ದೀಪ ತೆಗೆದು ಮೊಟ್ಟೆಯ ಬುಡಕ್ಕೆ ಹಿಡಿದರು.

ಕೊಟ್ಟಿಗೆಯ ಕತ್ತಲೆಯಲ್ಲಿ ಮೊಟ್ಟೆ ಕೆಂಪಗೆ ಬೆಳಗಿತು. ಒಳಗೆ ಎಳೆ ಎಳೆಯಾಗಿ ನರಗಳು ಹಬ್ಬಿದ್ದವು. ನಡುವೆ ಒಂದು ಕಪ್ಪು ಚುಕ್ಕೆ. ಅವರು ನೋಡುತ್ತಿದ್ದಂತೆಯೇ ಆ ಚುಕ್ಕೆ ಮಿಸುಕಿತು.

"ಹಗ್ಗಾ ಕಟ್ಟಲ್ರೀ?" ಹೊರಗಿನಿಂದ ಅಸದ ಕೂಗಿದ.

"ಬ್ಯಾಡ."

"ಯಾಕ್ರೀ? ನಾಳೆ ಪೂಜಾ ಐತಿ ಅಂದ್ರಲ್ಲ?"

"ಕೂತದೋ ಮಾರಾಯಾ."

"ಕುಂತ್ರೇನಾತ್ರಿ? ಎಬ್ಬಸ್ರಿ!"

"ನನ್ನ ಕಡಿಂದ ಆಗಂಗಿಲ್ಲ," ಎಂದರು ಡಾಕ್ಟರು. ಮೊಟ್ಟೆಯನ್ನು ಇದ್ದಲ್ಲೇ ಇಟ್ಟರು. ಕೋಳಿ ಉಪಕಾರ ಸ್ಮರಣೆಯೆಂದು ಮತ್ತೊಮ್ಮೆ ಕುಕ್ಕಿತು. ಲಾರಿ ಬರಿದೇ ಹುಬ್ಬಳ್ಳಿಗೆ ಹೋಯಿತು.

ಮರುದಿನ ಮಾತಿನಂತೆ ಖೋಲಿಯಲ್ಲಿ ಪೂಜೆ ನಡೆಯಿತು. ತಂಬೂರಿಗೆ ಕುಂಕುಮ, ಚೆಂಡುಹೂವಿನ ಮಾಲೆ. ಸುತ್ತ ರೇಷ್ಮೆಯ ಲಂಗ ಉಟ್ಟ ಹುಡುಗಿಯರು. ಡಾಕ್ಟರು ಮೂಲೆಯಲ್ಲಿ ಕೈಕಟ್ಟಿ ಕೂತಿದ್ದರು. ಗೆದ್ದ ಸುಲಭಾಬಾಯಿಗೆ ಅವರ ಮುಖ ನೋಡಿ ಗೆಲುವೇ ರುಚಿಸಲಿಲ್ಲ.

"ಸಿಗಲೇ ಇಲ್ಲೇನು?" ಎಂದರು ಮೆಲ್ಲಗೆ.

"ಸಿಕ್ಕದ," ಎಂದರು ಡಾಕ್ಟರು. ಮುಚ್ಚಿಡುವ ತ್ರಾಣ ಇರಲಿಲ್ಲ. ಗರಗ, ಕೊಟ್ಟಿಗೆ, ಕೋಳಿ, ಮಿಸುಕಿದ ಚುಕ್ಕೆ, ಎಲ್ಲ ಹೇಳಿದರು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸುಲಭಾಬಾಯಿ ನಗಲಿಲ್ಲ. ಆರತಿಯ ತಟ್ಟೆ ಕೆಳಗಿಟ್ಟರು.

"ಕೀಲಿ ನಿಮ್ಮ ಕೈಯಾಗ ಇತ್ತು. ಲಾರಿ ಬಾಗಿಲದಾಗ ಇತ್ತು. ಆದ್ರೂ ಎಬ್ಬಸ್ಲಿಲ್ಲ."

"ಕಾವಿಗೆ ಕೂತದ್ದನ್ನ ಹ್ಯಾಂಗ ಎಬ್ಬಸ್ಲಿ, ಸುಲಭಾ?"

"ಖರೇ ಅದ. ಈ ಹುಡಿಗ್ಯಾರು ದಿನಾ ಸಂಜಿಮುಂದ ಕೂಡ್ತಿದ್ರಲ್ರೀ. ಅವ್ರನ್ನ ಹ್ಯಾಂಗ ಎಬ್ಬಸ್ತಿದ್ರಿ?"

ಡಾಕ್ಟರು ಚಪ್ಪಾಳೆ ತಟ್ಟುತ್ತಿದ್ದ ತಮ್ಮ ಕೈಗಳನ್ನು ನೋಡಿಕೊಂಡರು. ಅವರಿಗೆ ನಾಚಿಕೆಯಾಯಿತು. ಹುಡುಗಿಯರ ಕಡೆ ನೋಡಲು ಧೈರ್ಯ ಸಾಲದೆ, ಎದ್ದು ಹೋಗಿ ಪಡಸಾಲೆಯ ಜಮಖಾನೆಯನ್ನು ತಾವೇ ಹೊತ್ತು ತಂದು ಖೋಲಿಯಲ್ಲಿ ಹಾಸಿದರು.

ಸೀಗಿ ಹುಣ್ಣಿಮೆ ಕಳೆದ ಮೇಲೆ ಮರಿಗಳಾದವೆಂದು ದುರಗವ್ವ ಫೋನು ಮಾಡಿಸಿದಳು. ಖೋಲಿ ಹೋಗಿದ್ದರೂ ನೋಡಿ ಬರೋಣವೆಂದು ಡಾಕ್ಟರು ಹೊರಟರು. ಈ ಸಲ ಸುಲಭಾಬಾಯಿ ತಾವಾಗಿ ಸ್ಕೂಟರಿನ ಹಿಂದೆ ಕೂತರು. ಮದುವೆಯಾದ ಮೇಲೆ ಕಾರಿಗಾಗಿ ಅವರು ಜೊತೆಗೆ ಬಂದದ್ದು ಇದೇ ಮೊದಲು.

ಕೊಟ್ಟಿಗೆಯ ಅಂಗಳದ ತುಂಬ ಹಳದಿ ಮರಿಗಳು ಚಿಂವ್ ಚಿಂವ್ ಎನ್ನುತ್ತ ಓಡಾಡುತ್ತಿದ್ದವು. ದುರಗವ್ವ ಮಾತ್ರ ತಪ್ಪು ಮಾಡಿದವಳಂತೆ ಸೆರಗು ಹಿಂಡುತ್ತ ನಿಂತಿದ್ದಳು.

"ಕಾರು ಜಾಗಾ ಸಿಗೂತನಕಾ ಇಲ್ಲೇ ಇರ್ಲಿ, ಅದರ ಚಿಂತಿ ಇಲ್ಲರಿ. ಆದ್ರ ನಿನ್ನಿ ಕರೀ ಕೋಳಿ ಹೋಗಿ ಮುಂದಿನ ಸೀಟಿನ ಮ್ಯಾಲೆ ಕುಂತೈತಿ. ನೀವು ಒಂದ ಸಲ ತಡದೀರಿ, ಎಷ್ಟಂತ ತಡೀತೀರಿ? ಇದನ್ನ ನಾನs ಎಬ್ಬಸ್ತೇನ್ರಿ," ಎಂದು ಬಾಗಿಲ ಕಡೆ ಹೊರಟಳು.

ಡಾಕ್ಟರು ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತರು.

"ಬ್ಯಾಡವಾ! ಕೂತದ್ದನ್ನ ಎಬ್ಬಸಬಾರದು. ಕೂತಿರ್ಲಿ."

ದುರಗವ್ವ ಅರ್ಥವಾಗದೆ ಸುಲಭಾಬಾಯಿಯ ಮುಖ ನೋಡಿದಳು. ಸುಲಭಾಬಾಯಿ ಒಂದು ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡು ನಿಂತಿದ್ದರು.

"ತಡೀರಿ ದುರಗವ್ವಾ," ಎಂದರು ಅವರು. "ಇವರು ಈಗೀಗ ಕಲ್ತಾರ. ಕೆಡಸಬ್ಯಾಡ್ರಿ."