ಕಬಿರೋಲ್ ಹತ್ತದ ಬಂಡೆ

ನನ್ನ ಗಂಡ ಅನಿಯೋಲ್ ಸತ್ತು ಐದು ತಿಂಗಳಾದ ಮೇಲೆ ಬ್ರುಗೇರಾ ನಮ್ಮ ಮನೆಗೆ ಬಂದ. ಕಬಿರೋಲ್ ಎಂಬ ಹೆಸರನ್ನು ಕೊಂಡು, ನಲವತ್ತು ವರ್ಷಗಳ ಹಿಂದೆ ಮುಚ್ಚಿದ್ದ, ಬಂಡೆ ಹತ್ತುವ ಬೈಕುಗಳ ಆ ಕಂಪನಿಯನ್ನು ಮತ್ತೆ ಎಬ್ಬಿಸಲು ಹೊರಟವನು ಅವನು. ಅನಿಯೋಲ್ ಅವನ ಬಳಿ ಚಾಸಿ, ಅಂದರೆ ಬೈಕಿನ ಚೌಕಟ್ಟು, ಬೆಸೆಯುತ್ತಿದ್ದ. ಬೆಸೆದದ್ದನ್ನು ಬಂಡೆಗಳ ಮೇಲೆ ಹತ್ತಿಸಿ ನೋಡುತ್ತಿದ್ದವನೂ ಅವನೇ.

"ಮೊದಲ ನೂರು ಬೈಕಿಗೆ ಅನಿಯೋಲ್ ಅಂತ ಹೆಸರಿಡ್ತೀನಿ. ಬಿಡುಗಡೆ ದಿನ ನೀವು ಬಂದು ನಿಂತ್ರೆ ಸಾಕು," ಎಂದ.

ಮಾವ ಸೆಬ್ರಿಯಾ ಕಣ್ಣೊರೆಸಿಕೊಂಡರು. ಕಬಿರೋಲ್‌ನ ಹಳೆಯ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಚಾಸಿ ಬೆಸೆದವರು. ಹಿಂದೆ ಮ್ಯಾಡ್ರಿಡ್ಡಿನವನೊಬ್ಬ ಹೊರದೇಶದಿಂದ ತರಿಸಿದ ಬೈಕಿಗೆ ಈ ಹೆಸರು ಅಂಟಿಸಿದಾಗಲೂ, ಇನ್ನೊಬ್ಬ ಕಂಪ್ಯೂಟರಿನಲ್ಲಿ ಮಾತ್ರ ಓಡುವ ವಿದ್ಯುತ್ ಕಬಿರೋಲ್ ತೋರಿಸಿದಾಗಲೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಿಡುಗಡೆಗೆ ಹೋಗಿ ಬಂದಿದ್ದರು.

ಅನಿಯೋಲ್ ಸತ್ತದ್ದು ಬೆರ್ಗಾ ಊರಿನ ಮೇಲಿನ ಬಂಡೆ ಹತ್ತುವಾಗ, ಕಾಲಡಿಯ ಫುಟ್‌ರೆಸ್ಟ್ ಮುರಿದು ಬಿದ್ದು. ಅದನ್ನು ಹಿಡಿದಿಡುವ ತುಂಡನ್ನು ಅವನು ಉಕ್ಕಿನಲ್ಲಿ ಬೆಸೆದಿದ್ದ. ಬ್ರುಗೇರಾ ಅದರ ಬದಲು ಅಗ್ಗದ ಅಲ್ಯೂಮಿನಿಯಂ ಎರಕ ಹಾಕಿಸಿದ. ಬೇಡವೆಂದು ಅನಿಯೋಲ್ ಎರಡು ಸಲ ಬರೆದುಕೊಟ್ಟ. ನಾನು ಬಾರ್ಸಿಲೋನಾದಲ್ಲಿ ಲೋಹಶಾಸ್ತ್ರ ಓದಿದವಳು. ಮುರಿದ ತುಂಡನ್ನು ಒಮ್ಮೆ ನೋಡಿದ್ದೆ. ಒಳಗೆಲ್ಲ ಬ್ರೆಡ್ಡಿನಲ್ಲಿರುವಂಥ ತೂತು. ಪರೀಕ್ಷೆಗೆಂದು ಕಂಪನಿ ಒಯ್ದ ತುಂಡು ಮರಳಿ ಬರಲಿಲ್ಲ. ವರದಿ ಬಂತು. ಸವಾರನ ತಪ್ಪು ಎಂದಿತ್ತು, ನ್ಯಾಯಾಧೀಶರೂ ಅದನ್ನೇ ನಂಬಿದರು.

"ಬರ್ತೀನಿ," ಎಂದೆ. "ಆದ್ರೆ ಮೊದಲ ಸವಾರಿ ನೀವೇ ಮಾಡ್ಬೇಕು. ಅದೇ ಬಂಡೆ. ಹಿಡಿಯೋಕೆ ನಾನು ನಿಲ್ತೀನಿ."

ಟ್ರಯಲ್ ಸವಾರಿಯಲ್ಲಿ ಕಷ್ಟದ ಬಂಡೆಯ ಪಕ್ಕ ಒಬ್ಬರು ನಿಂತಿರುತ್ತಾರೆ, ಬೈಕು ಹಿಂದಕ್ಕೆ ಮಗುಚಿದರೆ ಹಿಡಿಯಲು. ಸವಾರ ನಂಬಿದವರನ್ನೇ ನಿಲ್ಲಿಸಿಕೊಳ್ಳುತ್ತಾನೆ. ಬ್ರುಗೇರಾ ಹರೆಯದಲ್ಲಿ ಟ್ರಯಲ್ ಸ್ಪರ್ಧೆಯ ಕಪ್ ಗೆದ್ದವನು. ಮಾವನೆದುರು ಇಲ್ಲವೆನ್ನಲು ಆಗಲಿಲ್ಲ.

ಬಿಡುಗಡೆಯ ಭಾನುವಾರ ಬೆಳಿಗ್ಗೆ ಬೆರ್ಗಾದ ಮೇಲಿನ ಆ ಬಂಡೆಯ ಹತ್ತಿರ ಮೂವತ್ತು ಮಂದಿ ಡೀಲರುಗಳು ಸೇರಿದ್ದರು. ಟೊಮೆಟೊ ತಿಕ್ಕಿದ ಬ್ರೆಡ್ಡು, ಸಾಸೇಜು, ವೈನು. ಹತ್ತು ಹೊಸ ಬೈಕುಗಳನ್ನು ಸಾಲಾಗಿ ನಿಲ್ಲಿಸಿದ್ದರು.

"ಕಬಿರೋಲ್ ಸತ್ತು ಮೂರನೇ ಸಲ ಎದ್ದು ಬರ್ತಿದೆ ಕಣ್ರೋ," ಎಂದ ಮನ್ರೇಸಾದ ಡೀಲರು. "ಯೇಸುಗೇ ಒಂದು ಸಲ ಸಾಕಾಗಿತ್ತು!"

"ಯೇಸುಗೆ ಗ್ಯಾರಂಟಿ ಕೊಡೋ ತಾಪತ್ರಯ ಇರ್ಲಿಲ್ಲ ಬಿಡಪ್ಪ," ಎಂದರು ಮಾವ. ಎಲ್ಲರೂ ನಕ್ಕರು. ಮಾವ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಆ ವರ್ಷ ನೋಡಿರಲಿಲ್ಲ.

ಬ್ರುಗೇರಾ ಆ ಸಾಲಿನಿಂದ ಬೈಕು ತೆಗೆದುಕೊಳ್ಳಲಿಲ್ಲ. ಅವನದು ವ್ಯಾನಿನಿಂದ ಇಳಿಯಿತು. ಅದೇ ಕೆಂಪು ಬಣ್ಣ, ಅದೇ ಅಕ್ಷರ. ನಾನು ಬಂಡೆಯ ಪಕ್ಕ ನಿಂತೆ. ಬೈಕು ನನ್ನ ಮುಂದೆ ಬಂದು ನಿಂತಾಗ ಫುಟ್‌ರೆಸ್ಟ್ ಹಿಡಿದ ತುಂಡನ್ನು ನೋಡಿದೆ. ಹೊಸ ಬಣ್ಣದ ಅಡಿಯಲ್ಲಿ ಬೆಸುಗೆಯ ಸಾಲು ಕಾಣುತ್ತಿತ್ತು, ಮೀನಿನ ಹುರುಪೆಯಂತೆ ಒಂದರ ಮೇಲೊಂದು, ಕೊನೆಯಲ್ಲಿ ಸ್ವಲ್ಪ ಎಡಕ್ಕೆ ವಾಲಿ. ಅನಿಯೋಲ್ ಎಡಗೈಯವನು.

"ಮಾವ, ಇಲ್ಲಿ ಬನ್ನಿ," ಎಂದೆ.

ಅವರು ಬಂದು ಮಂಡಿಯೂರಿ ಹೆಬ್ಬೆರಳಿನಿಂದ ಬೆಸುಗೆಯನ್ನು ಸವರಿದರು.

"ಇದು ನನ್ನ ಮಗ ಬೆಸೆದದ್ದು." ಎದ್ದು ಸಾಲಿನ ಬೈಕುಗಳ ಬಳಿ ಹೋಗಿ ಬಗ್ಗಿ ನೋಡಿದರು. ಒಂದು, ಎರಡು, ಮೂರು. "ಇವೆಲ್ಲ ಎರಕ."

ಡೀಲರುಗಳು ವೈನು ಕೆಳಗಿಟ್ಟು ಬೈಕುಗಳ ಸುತ್ತ ನೆರೆದರು.

"ಸೆಬ್ರಿಯಾ, ಇದು ಮಾದರಿ ಬೈಕು ಅಷ್ಟೇ..." ಎಂದ ಬ್ರುಗೇರಾ.

"ಹಾಗಾದ್ರೆ ಮಾರೋ ಬೈಕು ತಗೊಳ್ಳಿ," ಎಂದೆ. "ಹತ್ತು ಇವೆ. ಯಾವುದಾದ್ರೂ ಸರಿ. ನಾನು ಇಲ್ಲೇ ನಿಂತಿದೀನಿ."

"ನೋಡಿ, ಇವತ್ತು ಅದೆಲ್ಲ..."

"ಸವಾರ ತಪ್ಪು ಮಾಡದಿದ್ರೆ ಏನೂ ಆಗಲ್ವಲ್ಲ. ವರದೀಲಿ ನೀವೇ ಬರೆಸಿದೀರಿ."

"ಹತ್ತಿ ಸ್ವಾಮಿ," ಎಂದ ಮನ್ರೇಸಾದವನು. "ನಮ್ಮ ಹುಡುಗರು ಇದನ್ನೇ ತಾನೆ ಹತ್ತೋದು?"

ಬ್ರುಗೇರಾ ಸಾಲಿನತ್ತ ನೋಡಿದ. ಬಂಡೆಯತ್ತ ನೋಡಿದ. ಆಮೇಲೆ ಬಲಗೈ ಗ್ಲೌಸು ಕಳಚಿದ, ಒಂದೊಂದೇ ಬೆರಳು ಎಳೆದು. ಅವನ ಹಣೆ ಬೆವರುವುದನ್ನು ನಾನು ಪೂರ್ತಿ ನೋಡಿದೆ. ಅನಿಯೋಲ್ ಸತ್ತ ಮೇಲೆ ನನಗೆ ಹಸಿವಾದದ್ದು ಅದೇ ಮೊದಲು.

ಡೀಲರುಗಳು ಒಬ್ಬೊಬ್ಬರಾಗಿ ಕಾರು ಹತ್ತಿದರು. ಮನ್ರೇಸಾದವನು ಎರಕದ ತುಂಡೊಂದನ್ನು ಬಿಚ್ಚಿ, ಯಾರನ್ನೂ ಕೇಳದೆ ಜೇಬಿಗೆ ಹಾಕಿಕೊಂಡ. "ನ್ಯಾಯಾಧೀಶರ ಹತ್ರ ನಾನೇ ಒಯ್ತೀನಮ್ಮ," ಎಂದ.

ಬ್ರುಗೇರಾ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದ, "ಮುದುಕ ಜೀವಮಾನವೆಲ್ಲ ಕಾದಿದ್ದು ಇದಕ್ಕೇ. ಅದನ್ನೂ ಮುಗಿಸಿಬಿಟ್ರಿ. ಇನ್ನು ಈ ಹೆಸರನ್ನ ಯಾರೂ ಮುಟ್ಟಲ್ಲ."

"ಗೊತ್ತು," ಎಂದೆ.

ಕಾರಿನಲ್ಲಿ ಮಾವ ಕೀಲಿ ತಿರುಗಿಸಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿದ್ದವು.

"ಅವನು ಆ ಎರಕದ ಬೈಕು ಹತ್ತಿ ಬಿದ್ದಿದ್ರೆ, ನೀನು ಹಿಡೀತಿದ್ಯೇನಮ್ಮ?"

"ಇಲ್ಲ ಮಾವ."

ಅವರು ಕೀಲಿಗೆ ಕೈ ಹಾಕಿದರು. ಆಮೇಲೆ "ಬೆಲ್ಟು ಹಾಕ್ಕೋ," ಎಂದು ಕಾರು ಶುರು ಮಾಡಿದರು.