ಹಣೆಗೆ ಕುಂಕುಮ ಹಚ್ಚಿದವನು

ಸಂತಪುರದ ಚಂದ್ರಭಾಗಾ ಮುದುಕಿ ಕುಟ್ಟಿದ ಶೇಂಗಾ ಚಟ್ನಿ ತಿಂದು ಹೈದರಾಬಾದಿನ ನವಾಬನೊಬ್ಬ ಕುದುರೆಯಿಂದ ಉರುಳಿದನಂತೆ. ಹೇಳುವವಳು ಆಕೆಯೇ. ಕೇಳಿದವರು ಹುಬ್ಬೇರಿಸಿದರೆ, "ಅರ್ಧಾ ಸುಳ್ಳದ ಬಿಡ್ರಿ. ನವಾಬ ಅಲ್ಲ, ಔರಾದ ಬಸ್ಸಿನ ಕಂಡಕ್ಟರ್. ಖರೆ, ಉರುಳಿದ್ದು ಮಾತ್ರ ಉರುಳಿದ!" ಎಂದು ಬೊಚ್ಚುಬಾಯಿ ತೆರೆದು ನಗುವಳು.

ಎರಡನೆಯ ಬರದ ವರ್ಷ ಆ ನಗು ನಿಂತಿತು. ಗಂಡಸರೆಲ್ಲ ಗಂಟು ಕಟ್ಟಿಕೊಂಡು ಪುಣೆಗೆ ಹೋಗಿದ್ದರು. ಹೆಂಗಸರು ಊರಲ್ಲಿ ಉಳಿದದ್ದು ಚಟ್ನಿ ಕುಟ್ಟುವ ಒಂದು ತಗಡಿನ ಶೆಡ್ಡಿನಿಂದ. ಪೊಟ್ಟಣದ ಮೇಲೆ ಚಂದ್ರಭಾಗಾಳ ಫೋಟೊ, ಕೆಳಗೆ 'ಆಯಿ ಚಟ್ನಿ' ಎಂಬ ಹೆಸರು. ಮಾರುವುದು ಬೀದರಿನ ಮಹಿಳಾ ಸಂಘ. ಸಂಘದ ಗಿರಿಜಾಬಾಯಿ ಒಂದು ದಿನ ಮುದುಕಿಯನ್ನು ತನ್ನ ಕಚೇರಿಗೆ ಕರೆಸಿದಳು.

"ಆಯಿ, ಚಟ್ನ್ಯಾಗ ಮರಳ ಅದ ಅಂತ ಮಂದಿ ಫೋನಿನಾಗ ಬರೀಲತ್ತಾರ. ಹಿಂಗೇ ಆದ್ರ ಸಂಘದವ್ರು ಶೆಡ್ಡಿಗಿ ಕೀಲಿ ಹಾಕ್ತಾರ್ರಿ."

"ಮರಳ? ನನ್ನ ಚಟ್ನ್ಯಾಗ?" ಮುದುಕಿ ಕುರ್ಚಿಯಿಂದ ಎದ್ದೇಬಿಟ್ಟಳು. "ಬಾಯಾಗ ಒಂದ್ ಹಲ್ಲಿಲ್ಲ, ದಿನಾ ಅದನ್ನೇ ತಿಂತೇನಿ. ಮರಳಿದ್ರ ನನ್ನ ವಸಡಿಗಿ ಮೊದಲ ತಿಳೀತಿತ್ತು! ಯಾವಂವ ಬರ್ದಾನ, ತೋರ್ಸು!"

ಗಿರಿಜಾಬಾಯಿ ಕಂಪ್ಯೂಟರಿನಲ್ಲಿ 'ಆಯಿ ಚಟ್ನಿ' ಎಂದಷ್ಟೇ ಹುಡುಕಿದಳು. ಲೋಕದ ಮಕ್ಕಳೆಲ್ಲ ತಮ್ಮನ್ನು ಹೆತ್ತ ಆಯಿಯ ಚಟ್ನಿ ಹೊಗಳಿದ್ದು ಬಂತು.

"ಇವ್ರ ಆಯಿ ಚಟ್ನಿ ತಗೊಂಡು ನಾ ಏನ್ ಮಾಡ್ಲಿ?"

"ತಡೀರಿ, ಸಾಣಿಗಿ ಮ್ಯಾಲ ಸಾಣಿಗಿ ಹಿಡೀತೇನಿ." ಹೆಸರಿನ ಜೊತೆ 'ಮರಳು' ಇರಲೇಬೇಕು ಎಂದಳು. ಜರಡಿ ಹಿಡಿದಂತೆ ಅರ್ಧಕ್ಕರ್ಧ ಉದುರಿದವು. ಈ ತಿಂಗಳದ್ದು ಮಾತ್ರ ಎಂದಳು. ಮತ್ತಷ್ಟು ಉದುರಿದವು. ಆಮೇಲೆ ಒಂದೊಂದೇ ಊರು ಹಾಕಿದಳು. ಪುಣೆಯಿಂದ ಒಂದೂ ಇಲ್ಲ. ಬೀದರ, ಔರಾದ, ಅಲ್ಲೂ ಇಲ್ಲ. ಭಾಲ್ಕಿ ಎಂದದ್ದೇ ತಡ, ಪರದೆ ತುಂಬಿತು. ಎಲ್ಲರೂ ಬೈದದ್ದು ಬಸ್ ನಿಲ್ದಾಣದೆದುರಿನ ಗೋರಖನಾಥನ ಅಂಗಡಿಯಲ್ಲಿ ಕೊಂಡ ಪೊಟ್ಟಣವನ್ನೇ.

"ಆ ಅಂಗಡಿಗಿ ನಾವು ಮಾಲೇ ಕೊಟ್ಟಿಲ್ಲಲ್ರಿ!" ಗಿರಿಜಾಬಾಯಿ ಫೋಟೊ ಇದ್ದವನ್ನಷ್ಟೇ ಆರಿಸಿ ದೊಡ್ಡದು ಮಾಡಿದಳು.

ಚಂದ್ರಭಾಗಾ ಪರದೆಗೆ ಮೂಗು ತಾಗಿಸಿ ನೋಡಿದಳು. ಪೊಟ್ಟಣದ ಮೇಲೆ ತನ್ನದೇ ಮುಖ, ಅದೇ ಸುಕ್ಕು, ಅದೇ ಸೆರಗು. ಆದರೆ ಹಣೆಯ ಮೇಲೆ ರೂಪಾಯಿಯಗಲದ ಕುಂಕುಮ!

"ಮಣ್ಣ ಕೊಟ್ಟು ಮೂವತ್ತ ವರ್ಷ ಆತು ನನ್ನ ಗಂಡಗ. ಇವ ಯಾವಂವ ನನಗ ಕುಂಕುಮ ಹಚ್ಚಂವ?" ಗಿರಿಜಾಬಾಯಿ ಪೊಲೀಸರ ಮಾತೆತ್ತುವಷ್ಟರಲ್ಲಿ ಮುದುಕಿ ಮೆಟ್ಟಿಲಿಳಿದಾಗಿತ್ತು.

ಮರುದಿನ ಮಧ್ಯಾಹ್ನ ಭಾಲ್ಕಿಯಲ್ಲಿ, ಗಿರಾಕಿಗಳು ತುಂಬಿದ್ದ ಹೊತ್ತಿಗೆ, ಚಂದ್ರಭಾಗಾ ಬಟ್ಟೆಯ ಗಂಟು ಹೊತ್ತು ಗೋರಖನಾಥನ ಅಂಗಡಿಯ ಮುಂದೆ ನಿಂತಳು. ಹಿಂದೆ ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಿದ್ದ ಗಿರಿಜಾಬಾಯಿ.

"ಈ ಪಾಕೀಟಿನಾಗ ಮರಳ ಯಾಕ ಹಾಕ್ದೆಪ್ಪಾ?"

"ನನಗೇನ್ ಗೊತ್ತಬೇ? ಸಂಘದ ಮಾಲದು."

"ಹೋಗ್ಲಿ, ಕುಂಕುಮ ಯಾಕ ಹಚ್ಚಿದಿ?"

"ಮತ್ತೇನು, ಬೋಳ ಹಣಿ ಮುದುಕೀನ ನೋಡಿ ಗಿರಾಕಿ ಬರ್ತಾರ? ಅದಕ್ಕ ಹಚ್..." ಎನ್ನುತ್ತಲೇ ಅವನು ಕೈಯಿಂದ ಬಾಯಿ ಮುಚ್ಚಿಕೊಂಡ.

"ಕೇಳಿದ್ರೇನ್ರೀ ಎಲ್ಲಾರೂ! ಈ ಬೋಳ ಹಣಿ ಬಿಸಿಲಾಗ ಸುಟ್ಕೊಂಡೇ ಸಂತಪುರದ ಹೆಂಗಸ್ರ ಒಲಿ ಉರಿಸೇನಿ. ನಿನಗ ಅದು ಅಪಶಕುನ ಆತೇನಲೇ?" ಗಂಟನ್ನು ಕಟ್ಟೆಯ ಮೇಲೆ ಧೊಪ್ಪೆಂದು ಇಟ್ಟು ಆಕೆ ಕಾಲು ಚಾಚಿ ಕೂತಳು. "ಆಗ್ಲಿ. ಕುಂಕುಮ ಹಚ್ಚಿದಂವ ಮನಿ ತುಂಬಿಸ್ಕೋಬೇಕು. ಇಕಾ, ಗಂಟ ಸಮೇತ ಬಂದೇನಿ. ಒಲಿ ಎಲ್ಲದ ತೋರ್ಸು, ಯಜಮಾನ!"

ಒಳಗಿನಿಂದ ಗೋರಖನಾಥನ ಹೆಂಡತಿ ಹೊರಗೆ ಬಂದಳು. ಕೈಯಲ್ಲಿ ಅರ್ಧ ತುಂಬಿದ ಪೊಟ್ಟಣ, ಅದರ ಮೇಲೂ ಅದೇ ಕುಂಕುಮದ ಮುಖ.

ಈಗ ಶೆಡ್ಡಿನಲ್ಲಿ ಒನಕೆ ಎತ್ತಿದಾಗಲೆಲ್ಲ ಜೊತೆಗಾತಿ ಕುಲಸುಮಬೀ ಅದನ್ನೇ ಕೇಳುತ್ತಾಳೆ: "ಆಮ್ಯಾಲ ಏನಾತ ಚಂದ್ರಕ್ಕಾ?"

"ಶೆಡ್ಡಿನ ಬಾಗಲಾ ತೆರದದ, ನೀ ಕುಟ್ಟಲತ್ತಿ, ಕಾಣಲ್ಲೇನ?" ಎನ್ನುತ್ತಾಳೆ ಚಂದ್ರಭಾಗಾ, ಒನಕೆ ಇಳಿಸದೆ. "ಅಂವ ಮೊದಲ ಯಾರ ಕಾಲ ಹಿಡದ, ನಂದೋ ಹೆಣ್ತೀದೋ? ಅದಷ್ಟು ನೀನೇ ಹೇಳ ನೋಡೋಣ."